ಐಸಕ್ಕ ಹೊರಗೆ, ಹಣ್ಣು ಒಳಗೆ

ಸರಕು ನೋಡುವ ಕಣ್ಣಿನಿಂದ ಅಳೆದರೆ ನಮ್ಮ ಅತ್ತಿಗೆ ಸಣ್ಣ ಸೈಜು, ಗಟ್ಟಿ ಸಿಪ್ಪೆ, ಬಾಳಿಕೆ ಜಾಸ್ತಿ. ದೋಷ ಒಂದೇ, ಇಟ್ಟ ಕಡೆ ಇರುವುದಿಲ್ಲ. ನಮ್ಮ ಹಣ್ಣಿನ ಮಂಡಿಯ ಕೋಲ್ಡ್ ಸ್ಟೋರೇಜು ಅವರ ರಾಜ್ಯ. ಹಮಾಲರ ಬಾಯಲ್ಲಿ ಅವರು ಐಸಕ್ಕ. ಸೇಬಿನ ಕ್ರೇಟಿನ ಪಕ್ಕ ಹಾದರೆ ಸಾಕು, ಒಳಗೆ ಕೊಳೆತದ್ದಿದ್ದರೆ ಮೂಗೇ ಹೇಳಿಬಿಡುತ್ತದೆ.

ಹೋದ ವರ್ಷ ಆ ಕೋಣೆಯಿಂದ ಹೊರಬಂದಾಗಲೆಲ್ಲ ಅವರ ಬೆರಳು, ಕಿವಿಯ ತುದಿ ನೀಲಿಗಟ್ಟತೊಡಗಿದವು.

“ದ್ರಾಕ್ಷಿ ಕದ್ದು ಹಿಂಡ್ತೀರಾ ಅತ್ತಿಗೆ?” ಎಂದು ಕೆಣಕಿದೆ.

“ಕದಿಯೋಕೆ ನಿನ್ನ ದ್ರಾಕ್ಷಿ ಅಷ್ಟು ಚೆನ್ನಾಗಿಲ್ಲ ಬಿಡೋ.”

ಮಾತೇನೋ ಖಾರ, ಆದರೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕ್ಲಿನಿಕ್ಕಿನಲ್ಲಿ ರಕ್ತ ತೆಗೆದು, ದೊಡ್ಡ ಲ್ಯಾಬಿಗೆ ಕಳಿಸಬೇಕು ಎಂದರು. ಬೇರೆಯವರನ್ನು ನಂಬುವ ಜೀವವೇ ಅದು? ಟ್ಯೂಬನ್ನು ಐಸಿನಲ್ಲಿ ಹೂತು ತಾವೇ ಒಯ್ದರು. ಹೆಪ್ಪುಗಟ್ಟಿದೆ, ಬೇರೆ ತನ್ನಿ ಎಂದರು ಲ್ಯಾಬಿನವರು. “ಐಸು ಸಾಲಲಿಲ್ಲ” ಎಂದು ಅತ್ತಿಗೆ ಎರಡನೇ ಸಲ ಡಬ್ಬಿ ತುಂಬ ಸುರಿದರು. ಮತ್ತೆ ಅದೇ ಉತ್ತರ.

ಕೊನೆಗೆ ಆಸ್ಪತ್ರೆಯ ಡಾಕ್ಟರು ಆ ನೀಲಿ ಬೆರಳು ನೋಡಿ, ಐಸಿನ ಡಬ್ಬಿ ನೋಡಿ, ಟ್ಯೂಬನ್ನು ಬೆಚ್ಚಗಿನ ನೀರಿನಲ್ಲಿ ಇಡಿಸಿದರು. ಗಂಟು ಬಿಟ್ಟಿತು, ಮುಂದಿನ ಪರೀಕ್ಷೆಗಳಲ್ಲಿ ಕಾಯಿಲೆ ಸಿಕ್ಕಿತು.

“ರಕ್ತದಲ್ಲಿ ಬಿ ಕಣ ಅಂತ ಇವೆ. ರೋಗಾಣುವಿಗೆ ಅಂಟಿಕೊಳ್ಳೋ ಪ್ರತಿಕಾಯ ಮಾಡೋದು ಅವುಗಳ ಕೆಲಸ. ನಿಮ್ಮಲ್ಲಿ ಅವಕ್ಕೆ ಕ್ಯಾನ್ಸರ್ ಹಿಡಿದಿದೆ ಅಮ್ಮ. ಎಲ್ಲ ಸೇರಿ ಒಂದೇ ಥರದ ಪ್ರತಿಕಾಯ ಮಾಡ್ತಿವೆ. ಚಳಿ ತಾಗಿದ್ರೆ ಅದು ನಿಮ್ಮ ಕೆಂಪು ಕಣಗಳನ್ನೇ ಹಿಡಿದು ಒಂದಕ್ಕೊಂದು ಅಂಟಿಸುತ್ತೆ. ಅದಕ್ಕೇ ಬೆರಳು ನೀಲಿ; ಆ ಕಣಗಳು ಒಡೆದು ಕಮ್ಮಿಯಾಗೋದಕ್ಕೆ ಏದುಸಿರು.”

“ಯಾರೂ ಕೇಳದ ಮಾಲು, ಅದೂ ಒಂದೇ ನಮೂನೆ,” ಎಂದರು ಅತ್ತಿಗೆ. “ಇದಕ್ಕೆ ಮದ್ದು?”

“ಇದೆ. ಆದ್ರೆ ಆ ತಣ್ಣನೆ ಕೋಣೆಗೆ ಇನ್ನು ಕಾಲಿಡಬಾರದು.”

ಕ್ಯಾನ್ಸರ್ ಎಂದಾಗ ಕೂತೇ ಇದ್ದವರು ಈ ಮಾತಿಗೆ ಎದ್ದುಬಿಟ್ಟರು. “ಹಾಗಾದ್ರೆ ನಾನೇನು ಮಾಡ್ಲಿ?”

ಮದ್ದು ಶುರುವಾದ ವಾರವೇ, ಶಾಲು ಹೊದ್ದು ಸ್ಟೋರೇಜಿನ ಬಾಗಿಲು ಎಳೆಯುತ್ತಿದ್ದರು. ಬೀಗ ಜಡಿದು ಕೀಲಿ ಜೇಬಿಗಿಳಿಸಿದೆ.

“ನಾನೇನು ಕಳ್ಳಿಯೇನೋ?”

“ಕಳ್ಳಿಯಾಗಿದ್ರೆ ಇಷ್ಟು ಕಾಟ ಇರ್ತಿರಲಿಲ್ಲ.”

ಬಾಗಿಲ ಮುಂದೆ ಅತ್ತಿಂದಿತ್ತ ಓಡಾಟ ನಿಲ್ಲಲೇ ಇಲ್ಲ. ಗಿರಾಕಿಗಳು ದಾರಿ ಬಿಟ್ಟು ನಿಲ್ಲುವಂತಾಯಿತು. ಬೇರೆ ದಾರಿ ಕಾಣದೆ, ಬಿಸಿಲು ಬೀಳುವ ಕಡೆ ಒಂದು ಮೇಜು ಹಾಕಿಸಿ, ಕ್ರೇಟುಗಳನ್ನೇ ಅವರ ಮೂಗಿನ ಬಳಿಗೆ ಹೊರಿಸತೊಡಗಿದೆ. ಮೇಜಿಗೆ ಕುರ್ಚಿಯೂ ಇದೆ. ಅದರ ಮೇಲೆ ಈಗ ಕಿತ್ತಳೆ ಕೂತಿದೆ.

ಈಚೆಗಿನ ಪರೀಕ್ಷೆಯಲ್ಲಿ ಆ ಬೇಡದ ಮಾಲು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ನಿನ್ನೆ ಒಂದು ಕ್ರೇಟು ಮೂಸಿ, “ನಡುವಿನ ಸಾಲು ತೆಗಿ” ಎಂದರು. ನನ್ನ ಮೂಗಿಗೆ ಏನೂ ಹತ್ತಲಿಲ್ಲ. ತೆಗೆದರೆ ಕೊಳೆತಿತ್ತು. ನಾನು ಈ ವ್ಯಾಪಾರ ಕಲಿತದ್ದು ಅವರಿಂದ. ಆ ಋಣ ನನ್ನ ಮೇಲಿದೆ.