ನೆನಪಿರುವ ಮಟ್ಟಿಗೆ

ಸರೋಜಮ್ಮ, ನೀವು ಮರೆತಿರಲಿಲ್ಲ. ಮರೆತಿದ್ದೀರಿ ಎಂದು ನಿಮ್ಮ ಮುಖ ನೋಡಿಕೊಂಡೇ ಹೇಳಿದವಳು ನಾನು. ಅದು ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು.

ಉಳಿದದ್ದನ್ನು ಎಷ್ಟು ಸರಿಯಾಗಿ ಹೇಳಬಲ್ಲೆನೋ ತಿಳಿಯದು. ನೆನಪನ್ನು ನಾನು ನಂಬುವುದಿಲ್ಲ — ಅದು ಯಾವಾಗಲೂ ನಮಗೆ ಅನುಕೂಲವಾದ ಕಡೆಗೇ ವಾಲುತ್ತದೆ. ಅದಕ್ಕೇ ದಿನಚರಿ ಬರೆಯುವ ಅಭ್ಯಾಸ. ಆ ವರ್ಷದ ದಿನಚರಿ ಈಗ ಎದುರಿಗಿದೆ. ಅದರಲ್ಲಿ ಇಲ್ಲದ್ದನ್ನು ಇಲ್ಲ ಎಂದೇ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಶಿವಮೊಗ್ಗದ ಒಬ್ಬ ಮನೋವೈದ್ಯರ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದೆ. ರೋಗಿಯ ಹಿನ್ನೆಲೆ ಬರೆದುಕೊಳ್ಳುವುದು, ಮನೆಯವರ ಹತ್ತಿರ ಮಾತಾಡುವುದು, ಸಹಿ ಹಾಕಿಸುವುದು — ಇಷ್ಟು ನನ್ನ ಪಾಲಿನದು. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಿಂದ ನಿಮ್ಮನ್ನು ಕರೆತಂದಾಗ ನೀವು ಅನ್ನ ಬಿಟ್ಟು ಎಷ್ಟೋ ದಿನವಾಗಿತ್ತು. ಮಾತ್ರೆಗಳಿಂದ ಏನೂ ಆಗಲಿಲ್ಲ. ಮಿದುಳಿಗೆ ವಿದ್ಯುತ್ ಹಾಯಿಸುವ ಕರೆಂಟ್ ಚಿಕಿತ್ಸೆ ಕೊಡಬೇಕೆಂದು ಡಾಕ್ಟರು ನಿರ್ಧರಿಸಿದರು.

"ಮನೆಯವರನ್ನ ಮಾತ್ರ ಅಲ್ಲಮ್ಮ, ಅವರನ್ನೂ ಕೇಳಿ ಬಾ" ಎಂದು ನನ್ನನ್ನು ಕಳಿಸಿದರು. ಅವರು ಮನೋವೈದ್ಯರ ರಾಷ್ಟ್ರೀಯ ಸಂಘದ ಆಜೀವ ಸದಸ್ಯರು. ಸಂಘದ ಸಮ್ಮೇಳನದಿಂದ ಬಂದಾಗಲೆಲ್ಲ ಇಂಥದೊಂದು ಹೊಸ ಶಿಸ್ತು ತರುತ್ತಿದ್ದರು.

ಕೇಳಿದೆ. ನೀವು ಗೋಡೆಯ ಕಡೆ ತಿರುಗಿ ಮಲಗಿದ್ದಿರಿ. "ಬೇಡ" ಎಂದಿರಿ. ಮತ್ತೆ ಕೇಳಿದೆ. "ಬೇಡ ಮೇಡಂ. ಕರೆಂಟ್ ಮಾತ್ರ ಬೇಡ."

ನಿಮ್ಮ ಯಜಮಾನರು ಕಾರ್ಖಾನೆಯ ಪಾಳಿ ಮುಗಿಸಿ ನೇರವಾಗಿ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. "ಅವಳನ್ನ ಏನ್ ಕೇಳ್ತೀರಾ ಮೇಡಂ, ಅವಳು ಅನ್ನಕ್ಕೂ ಬೇಡ ಅಂತಾಳೆ" ಎಂದು, ನಾನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದರು.

ಡಾಕ್ಟರು ಒಳಗಿನಿಂದಲೇ ಕೇಳಿದರು: "ಏನಂತಾರಮ್ಮ?"

"ಒಪ್ಪಿದಾರೆ ಸರ್" ಎಂದೆ.

ಯಾರು? ಹೇಳಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಲೇಬೇಕೆಂದೂ ಇಲ್ಲ. ಗೌರವದ ಆ ಒಂದು ಕ್ರಿಯಾಪದದಲ್ಲಿ ಗಂಡನೂ ಹಿಡಿಯುತ್ತಾನೆ, ಹೆಂಡತಿಯೂ ಹಿಡಿಯುತ್ತಾಳೆ. ಡಾಕ್ಟರು ನೀವೇ ಒಪ್ಪಿದ್ದೀರಿ ಎಂದುಕೊಂಡರು. ನಿಮ್ಮ ಯಜಮಾನರಿಗೂ "ಅವರೂ ಒಪ್ಪಿದಾರಂತಲ್ಲ, ಒಳ್ಳೇದಾಯ್ತು" ಎಂದರು. ನಾನು ಪಕ್ಕದಲ್ಲೇ ಇದ್ದೆ — ತಿದ್ದಲಿಲ್ಲ. ಡಾಕ್ಟರು ಹಾಗೆ ತಿಳಿಯಲಿ ಎಂದೇ ಆ ಮಾತನ್ನು ಆರಿಸಿಕೊಂಡೆನೇ? ದಿನಚರಿಯಲ್ಲಿ ಇರುವುದು ಎರಡೇ ವಾಕ್ಯ: 'ಸರೋಜಮ್ಮ ಎರಡು ಸಲ ಬೇಡ ಎಂದರು. ಗಂಡ ಸಹಿ ಹಾಕಿದರು.' ಉದ್ದೇಶ ಬರೆದಿಲ್ಲ. ಇತ್ತು ಎಂದೇ ಇಟ್ಟುಕೊಳ್ಳುತ್ತೇನೆ.

ನೀವು ಚೇತರಿಸಿಕೊಂಡಿರಿ. ಮಜ್ಜಿಗೆ ಹುಳಿಯಾಗಿದೆ ಎಂದು ನರ್ಸ್ ಜೊತೆ ನೀವು ಜಗಳವಾಡಿದ ದಿನ ನಾವೆಲ್ಲ ಸಂಭ್ರಮಪಟ್ಟಿದ್ದೆವು. ಗುಣವಾಯಿತಲ್ಲ — ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಲ್ಲಿ ಹೇಳುವುದಿಲ್ಲ.

ಕೆಲವು ತಿಂಗಳ ಮೇಲೆ ತಪಾಸಣೆಗೆ ಬಂದಾಗ ಗೋಡೆಯ ಮೇಲಿನ ಕಟ್ಟು ಹಾಕಿದ ಪ್ರಮಾಣಪತ್ರ ನೋಡಿ ಕೇಳಿದಿರಿ: "ಇದೇನ್ ಮೇಡಂ, ಇಂಗ್ಲಿಷಲ್ಲಿ?"

"ಮನೋವೈದ್ಯರ ಸಂಘದ್ದು. ಇಡೀ ದೇಶದ್ದು."

"ಓ, ಯೂನಿಯನ್ನು! ನಮ್ ಕಾರ್ಖಾನೇಲೂ ಇದೆ ಬಿಡಿ. ಗೇಟ್ ಮುಂದೆ ಕೂಗೋದು, ಒಳಗೆ ಹೋಗಿ ಟೀ ಕುಡಿಯೋದು."

"ಯೂನಿಯನ್ ಅಲ್ಲ ಸರೋಜಮ್ಮ. ಡಾಕ್ಟರು ಹೆಂಗೆ ನಡ್ಕೋಬೇಕು ಅಂತ ನಿಯಮ ಮಾಡುತ್ತೆ. ತಪ್ಪು ಮಾಡಿದ್ರೆ ಯಾಕೆ ಅಂತ ಕೇಳುತ್ತೆ."

"ತಮ್ಮೋರನ್ನೇ?"

"ತಮ್ಮೋರನ್ನೇ."

"ನಮ್ ಯೂನಿಯನ್ನಲ್ಲಿ ಅದೊಂದೇ ಇಲ್ಲ ನೋಡಿ" ಎಂದು ನಕ್ಕಿರಿ. ನಾನೂ ನಕ್ಕೆ. ತಿಳಿದವಳೆಂಬ ಜಂಬದಲ್ಲಿ, ಕೇಳದಿದ್ದರೂ ವಿಳಾಸ ಬರೆದುಕೊಟ್ಟೆ. ನೀವು ನಿಜಕ್ಕೂ ಬರೆಯುತ್ತೀರಿ ಎಂದು ಎಣಿಸಿರಲಿಲ್ಲ.

ಬರೆದಿರಿ, ಕನ್ನಡದಲ್ಲಿ, ಒಂದು ಪುಟ: ಬೇಡ ಎಂದರೂ ಕರೆಂಟ್ ಕೊಟ್ಟರು ಎಂದು. ಸಂಘ ಸುಮ್ಮನೆ ಕೂರಲಿಲ್ಲ. ಅದರ ನೀತಿ ಸಮಿತಿ ಡಾಕ್ಟರಿಂದ ವಿವರಣೆ ಕೇಳಿತು. ಸಮಿತಿಯವರು ಬೇರೆ ಬೇರೆ ರಾಜ್ಯದವರು, ಆದ್ದರಿಂದ ಇಂಗ್ಲಿಷಿನಲ್ಲಿ ಬೇಕು ಎಂದು ನಿಮ್ಮ ಪತ್ರವನ್ನು ನಿಮಗೇ ಹಿಂದಿರುಗಿಸಿತು. ಇಂಗ್ಲಿಷ್ ಮಾಡಿಕೊಡಿ ಎಂದು ನೀವು ಅದನ್ನು ನನ್ನ ಹತ್ತಿರ ತಂದಿರಿ.

"ಡಾಕ್ಟರಿಗೆ ಏನೂ ಆಗೋದು ಬೇಡ ಮೇಡಂ. ನಾನು ಬೇಡ ಅಂದಿದ್ದೆ ಅಂತ ಒಂದು ಕಾಗದ ಸಿಕ್ರೆ ಸಾಕು. ನೀನೇ ಹೂಂ ಅಂದಿದ್ದೆ, ಕರೆಂಟ್ ಕೊಟ್ಟ ಮೇಲೆ ಮರ್ತಿದೀಯ ಅಂತಾರೆ ಮನೇಲಿ. ಇವಾಗ ಎಲ್ಲದಕ್ಕೂ ಹಂಗೇ ಆಗಿದೆ. ಸಾರಿಗೆ ಉಪ್ಪು ಹಾಕಿದೀನಿ ಅಂದ್ರೂ ಅತ್ತೆ ನಂಬಲ್ಲ, ಇನ್ನೊಂದ್ ಸಲ ಹಾಕ್ತಾರೆ."

ಆ ಮನೆಗೆ ಹೋದ ಮಾತು ನನ್ನದು. ಅದು ಅಲ್ಲಿ ಏನು ಮಾಡಿತೆಂದು ನನಗೇ ಬಂದು ಹೇಳುತ್ತಿದ್ದಿರಿ.

ಡಾಕ್ಟರಿಗೆ ತಿಳಿಸಿದೆ. "ಕೇಳೋದು ಸಂಘದ ಕೆಲಸ, ಹೇಳೋದು ನಮ್ಮ ಕೆಲಸ. ಆದರೆ ಇಲ್ಲಿ ಕೆಲಸ ಮಾಡೋ ನೀನು ಅದನ್ನ ಅನುವಾದ ಮಾಡೋದು ಸರೀನಾ?" ಎಂದರು.

"ಸರೋಜಮ್ಮ ಅವರೇ ಕೇಳಿದಾರೆ ಸರ್."

"ಹಾಗಾದ್ರೆ ಒಂದಕ್ಷರ ಬದಲಾಗಬಾರದು."

ಅಷ್ಟು ಧೈರ್ಯವಾಗಿ ಅವರು ಹೇಳಿದ್ದು ನನ್ನನ್ನು ನಂಬಿದ್ದರಿಂದ. ಅವರ ಮಟ್ಟಿಗೆ ನೀವು ಒಪ್ಪಿದ್ದವರು.

ನಿಮ್ಮ ಪತ್ರದ ಮುಖ್ಯ ವಾಕ್ಯ ಇದು: 'ನನಗೆ ನೆನಪಿರುವ ಮಟ್ಟಿಗೆ ಎರಡು ಸಲ ಬೇಡ ಎಂದು ಹೇಳಿದ್ದೇನೆ.' ಅದು ನಿಮ್ಮ ವಿನಯ. ದೊಡ್ಡವರಿಗೆ ಬರೆಯುವಾಗ, ಖಚಿತವಾಗಿ ಗೊತ್ತಿರುವುದನ್ನೂ ನಾವು ಹಾಗೆಯೇ ಬರೆಯುತ್ತೇವೆ. ಕನ್ನಡ ಬಲ್ಲ ಯಾರೂ ಅದನ್ನು ಅನುಮಾನವೆಂದು ಓದುವುದಿಲ್ಲ. ನಾನು ಹಾಗೆ ಓದಿದೆ. 'ಬೇಡ ಎಂದಿರಬಹುದು, ನನ್ನ ನೆನಪು ಸ್ಪಷ್ಟವಾಗಿಲ್ಲ' ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬರೆದೆ. ನಿಮ್ಮ 'ಬೇಡ'ವನ್ನು ಸಮಿತಿ ನಂಬಿದ್ದರೆ ಅದರ ಮುಂದಿನ ಪ್ರಶ್ನೆ, ಕೇಳಿದವರು ಯಾರು, ಡಾಕ್ಟರಿಗೆ ಏನೆಂದು ಹೇಳಿದರು ಎಂಬುದೇ ಆಗುತ್ತಿತ್ತು. ಡಾಕ್ಟರ ಮರ್ಯಾದೆ ಉಳಿಸಿದೆ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಅದೂ ಸುಳ್ಳು.

ನೀವು ಓದಲಾಗದ ಆ ಹಾಳೆಯ ಕೆಳಗೆ ಕನ್ನಡದಲ್ಲಿ ನಿಧಾನವಾಗಿ ಸಹಿ ಮಾಡಿದಿರಿ. "ಥ್ಯಾಂಕ್ಸ್ ಮೇಡಂ" ಎಂದಿರಿ.

ಉತ್ತರ ಬರಲು ತಿಂಗಳುಗಳೇ ಆದವು. ಲಕೋಟೆ ಹಿಡಿದುಕೊಂಡು ನೀವು ಭದ್ರಾವತಿಯಿಂದ ಬಂದಿರಿ. ನಾನೇ ಕನ್ನಡದಲ್ಲಿ ಹೇಳಬೇಕಾಯಿತು — ದೂರು ಕೊಟ್ಟವರೇ ತಮ್ಮ ನೆನಪು ಸ್ಪಷ್ಟವಾಗಿಲ್ಲ ಎಂದಿರುವುದರಿಂದ ಸಮಿತಿ ಮುಂದುವರಿಯಲಾರದು. ಆದರೂ ಇನ್ನು ಮುಂದೆ ರೋಗಿಯ ಉತ್ತರವನ್ನು ರೋಗಿಯ ಮಾತಿನಲ್ಲೇ ಬರೆದಿಡಬೇಕೆಂದು ಸದಸ್ಯರಿಗೆ ತಿಳಿಸಲಾಗಿದೆ.

"ನೆನಪು ಸರಿ ಇಲ್ಲ ಅಂತ ನಾನು ಬರೆದಿರ್ಲಿಲ್ವಲ್ಲ ಮೇಡಂ?"

"ಬರೆದಿದ್ರಿ ಸರೋಜಮ್ಮ. ನೀವೇ ಮರ್ತಿದೀರಿ."

ನಿಮ್ಮ ಕನ್ನಡ ಪತ್ರ ಆಗ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ನೀವು ವಾದ ಮಾಡಲಿಲ್ಲ. ಮಾಡಿದ್ದರೆ — ಇಲ್ಲ, ಮಾಡಿದ್ದರೂ ನಾನು ಅದನ್ನು ತೆಗೆದು ತೋರಿಸುತ್ತಿರಲಿಲ್ಲ. "ಹೌದಾ" ಎಂದಿರಿ. ಕಾಗದವನ್ನು ಅದರ ಹಳೆಯ ಮಡಿಕೆಯಲ್ಲೇ ಮಡಿಸಿದಿರಿ. "ಹಂಗಾದ್ರೆ ಮನೇಲಿ ಅವರು ಹೇಳೋದೇ ಸರಿ ಇರ್ಬೇಕು."

ಡಾಕ್ಟರು ಸಂಘದ ಸೂಚನೆಯಂತೆ ಮರುದಿನವೇ ಒಂದು ರಿಜಿಸ್ಟರ್ ತರಿಸಿದರು. 'ರೋಗಿಯ ಸ್ವಂತ ಮಾತು' ಎಂದು ಅದರಲ್ಲಿ ಒಂದು ಕಲಂ. ಕೆಲಸ ಬಿಡುವವರೆಗೂ ಅದನ್ನು ತುಂಬಿದವಳು ನಾನೇ. ತಪ್ಪಿಲ್ಲದೆ ತುಂಬಿದೆ.

ಎಷ್ಟೋ ವರ್ಷಗಳ ಮೇಲೆ ಭದ್ರಾವತಿ ಬಸ್ ನಿಲ್ದಾಣದಲ್ಲಿ ನೀವೇ ಮಾತಾಡಿಸಿದಿರಿ. "ಶಿವಮೊಗ್ಗದ ಮೇಡಂ ಅಲ್ವಾ? ಅಲ್ದೇ ಇದ್ರೆ ತಪ್ಪು ತಿಳ್ಕೋಬೇಡಿ, ನಂಗೆ ಮರೆವು." ಕೈಯಲ್ಲಿ ಒಂದು ಚಿಕ್ಕ ನೋಟ್‌ಬುಕ್. ಜೊತೆಗಿದ್ದ ಮಗಳು ನಕ್ಕಳು: "ಎಂಥ ಮರೆವೂ ಇಲ್ಲ ಮಾರಾಯ್ರೇ. ನಾನು ಹುಟ್ಟಿದ ದಿನ ಯಾರ್ಯಾರು ನೋಡೋಕೆ ಬಂದಿದ್ರು ಅಂತ ಹೇಳ್ತಾಳೆ. ಆದ್ರೂ ಬೀಗ ಹಾಕಿದ್ದನ್ನೂ ಬರ್ಕೋತಾಳೆ." ಮಲವಗೊಪ್ಪದಲ್ಲಿ ಮನೆ ಮಾಡಿದ್ದೇವೆ, ಬನ್ನಿ ಎಂದಿರಿ. ನೋಟ್‌ಬುಕ್ ತೆರೆದು ನನ್ನ ಹೆಸರು ಕೇಳಿ ಬರೆದುಕೊಂಡಿರಿ. ನಾನು ಮೊದಲು ಬಂದ ಬಸ್ ಹತ್ತಿದೆ. ಅದು ಶಿವಮೊಗ್ಗದ್ದಲ್ಲ, ತರೀಕೆರೆಯದೆಂದು ಕಂಡಕ್ಟರ್ ಹೇಳಿದ ಮೇಲೇ ಗೊತ್ತಾದದ್ದು.

ಅದಾಗಿಯೂ ನಾಲ್ಕು ವರ್ಷ ಸುಮ್ಮನಿದ್ದೆ. ಈ ತಿಂಗಳು ಡಾಕ್ಟರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ವೃತ್ತಿ ಬಿಟ್ಟಿದ್ದಾರೆ, ಕಿವಿ ಮಂದವಾಗಿದೆ. ಎರಡು ಸಲ ಹೇಳಬೇಕಾಯಿತು. "ಸಂಘಕ್ಕೆ ಬರಿ. ನನ್ನ ಹೆಸರು ಬಿಡಬೇಡ" ಎಂದರು. ಬರೆದಿದ್ದೇನೆ. ನಿಮ್ಮ ವಾಕ್ಯವನ್ನು ಈ ಸಲ ಇದ್ದಂತೆಯೇ ಇಂಗ್ಲಿಷ್ ಮಾಡಿದ್ದೇನೆ. ಅವರು ಏನು ಮಾಡುತ್ತಾರೋ, ಇಷ್ಟು ಹಳೆಯ ಕಡತವನ್ನು ತೆರೆಯುತ್ತಾರೋ ಇಲ್ಲವೋ, ತಿಳಿಯದು.

ನಾಳೆ ಬೆಳಗ್ಗೆ ಮಲವಗೊಪ್ಪಕ್ಕೆ ಬರುತ್ತೇನೆ. ನಿಮ್ಮ ಪತ್ರ ನಿಮಗೆ ಹಿಂತಿರುಗಬೇಕು. ದಿನಚರಿಯ ಆ ಹಾಳೆಯೂ ನಿಮ್ಮದೇ. ಬಾಗಿಲಲ್ಲೇ ನಿಲ್ಲಿಸಿದರೆ ಅಲ್ಲೇ ಕೊಟ್ಟು ಬರುತ್ತೇನೆ.

ಇನ್ನೊಂದು ಹಾಳೆಯಿದೆ. ನೀವು ಅಂದು ಕೇಳಿದ ಕಾಗದ. ಯಾರೂ ಓದಿ ಹೇಳಬೇಕಾಗಿಲ್ಲ, ಕನ್ನಡದಲ್ಲಿದೆ: 'ಕರೆಂಟ್ ಚಿಕಿತ್ಸೆ ಬೇಡವೆಂದು ಸರೋಜಮ್ಮನವರು ನನ್ನ ಮುಂದೆ ಎರಡು ಸಲ ಹೇಳಿದರು. ಅವರು ಒಪ್ಪಿರಲಿಲ್ಲ.' ಕೆಳಗೆ ನನ್ನ ಹೆಸರು, ಸಹಿ. 'ನೆನಪಿರುವ ಮಟ್ಟಿಗೆ' ಎಂದು ಸೇರಿಸಿಲ್ಲ.