ತೆಗೆದಿಟ್ಟ ಬಟ್ಟಲು

ನಿಮ್ಮ ಗಂಡ ಸೊಲ್ಲಾಪುರದಲ್ಲಿ ತೀರಿಕೊಂಡ ಸುದ್ದಿ ನನಗೆ ಗೊತ್ತಿತ್ತು, ನೀಲವ್ವ. ನಿಮಗೆ ತಿಳಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ಗೊತ್ತಿದ್ದೂ, ನಿಮ್ಮ ಖಾನಾವಳಿಯ ಅಂಗಳದಲ್ಲಿ ನಿಮ್ಮೆದುರಿಗೇ ನಿಂತು, "ಅರಾಮ ಅದಾನಂತ" ಎಂದೆ. ಇಷ್ಟು ಹೇಳಿ ಸುಮ್ಮನಾಗಬಹುದು. ಆದರೆ ಯಾಕೆ ಹಾಗೆ ಹೇಳಿದೆ ಎಂಬುದು ಇನ್ನೂ ಹೊಲಸು — ಅದನ್ನೂ ಹೇಳಬೇಕು.

ಆಗ ನಾನು ಕುಷ್ಟಗಿಗೆ ಹೊಸದಾಗಿ ಬಂದ ಮಾಸ್ತರ. ನಿಜಾಮರ ಕಾಲ. ಇಡೀ ದಿನ ಮಕ್ಕಳಿಗೆ ಉರ್ದುವಿನಲ್ಲಿ ಲೆಕ್ಕ ಹೇಳಿ ಗಂಟಲು ಒಣಗಿದ ಮೇಲೆ, ಯಾರಾದರೂ ಕನ್ನಡದಲ್ಲಿ "ಉಣ್ಣ ಬರ್ರಿ" ಅಂದರೆ ಸಾಕು, ಜೀವ ಬಂದಂತಾಗುತ್ತಿತ್ತು. ಗಾಡಿಗಳು ನಿಲ್ಲುವ ಬಯಲಿನ ಪಕ್ಕದಲ್ಲಿ ನಿಮ್ಮ ಖಾನಾವಳಿ. ಉಳಿದ ದಿನ ಅಲ್ಲಿ ಎಲ್ಲ ಕಡೆ ಸಿಗುವ ರೊಟ್ಟಿ, ಪಲ್ಯ. ಸಂತೆಯ ದಿನ ಮಾತ್ರ ಶಾವಿಗೆ.

ಶಾವಿಗೆ ಎಂದರೆ ನಮ್ಮ ಕಡೆ ಬೆಲ್ಲ, ಹಾಲು, ತುಪ್ಪದ ಊಟ. ಬೀಗರು ಬಂದಾಗಿನ ಊಟ. ನೀವು ಅದನ್ನು ಖಾರದ ಕಟ್ಟಿನ ಸಾರಿನಲ್ಲಿ ಮುಳುಗಿಸಿ ಬಟ್ಟಲಲ್ಲಿ ಕೊಡುತ್ತಿದ್ದಿರಿ. ಕಡಲೆಬೇಳೆ ಬಸಿದ ಕಟ್ಟು, ಸುಟ್ಟ ಕೊಬ್ಬರಿ, ಜಜ್ಜಿದ ಬೆಳ್ಳುಳ್ಳಿ, ಹುಣಸೆ, ಮೇಲೊಂದಿಷ್ಟು ಕೊತ್ತಂಬರಿ. "ಇದೆಂಥಾ ಊಟಾ ನೀಲವ್ವ, ಬೀಗರಿಗೆ ಬೈದಂಗ ಐತಲ್ಲ" ಎಂದು ಗಾಡಿಯವರು ಮೊದಮೊದಲು ನಕ್ಕರಂತೆ. ನಾನು ಬರುವ ಹೊತ್ತಿಗೆ ಅವರೇ ಎತ್ತು ಬಿಚ್ಚುವ ಮೊದಲು ಬಟ್ಟಲು ಕೇಳುತ್ತಿದ್ದರು. ಗೋಣಿತಟ್ಟಿನ ಮೇಲೆ ಸಾಲಾಗಿ ಕೂತು, ಬೆರಳಿಗೆ ಸಿಕ್ಕದೆ ಜಾರುವ ಎಳೆಗಳನ್ನು ಸುರ್ರೆಂದು ಹೀರುವುದು, ನಾಲಗೆ ಸುಟ್ಟುಕೊಳ್ಳುವುದು, ತಲೆಗೆ ಸುತ್ತಿದ ಪಟಕದ ಸೆರಗಿನಿಂದ ಮೂಗು ಒರೆಸಿ ಮತ್ತೆ ಹೀರುವುದು. ಜಾತಿ, ದೊಡ್ಡಸ್ತಿಕೆ ಯಾವುದೂ ಆ ಸುರ್ ಸದ್ದಿನ ಮುಂದೆ ನಿಲ್ಲುತ್ತಿರಲಿಲ್ಲ. ಮಾಸ್ತರಿಕೆಯ ಗತ್ತು ಇಟ್ಟುಕೊಂಡು ಅದನ್ನು ಉಣ್ಣಲು ನೋಡಿದ ಮೊದಲ ದಿನ ನನ್ನ ಅಂಗಿಯೆಲ್ಲ ಸಾರಾಯಿತು. ನೀವು ಸೆರಗು ಬಾಯಿಗೆ ಹಿಡಿದು ನಕ್ಕಿರಿ. ನಾನು ಕೆಟ್ಟದ್ದು ಅವತ್ತೇ.

ಮೊದಲ ಬಟ್ಟಲನ್ನು ನೀವು ಯಾರಿಗೂ ಕೊಡುತ್ತಿರಲಿಲ್ಲ. ತುಂಬಿ, ಮೇಲೊಂದು ತಾಟು ಮುಚ್ಚಿ, ಗೋಡೆಯೊಳಗಿನ ಗೂಡಿನಂಥ ಮಾಡಿನಲ್ಲಿ ಇಡುತ್ತಿದ್ದಿರಿ — ಗಿರಣಿ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಹೋಗಿ ಸುದ್ದಿಯೇ ಇಲ್ಲದ ನಿಮ್ಮ ಗಂಡ ಸಂಗಪ್ಪನ ಪಾಲಿಗೆ. ಅವನು ಕಟ್ಟಿನ ಸಾರಿನಲ್ಲಿ ಶಾವಿಗೆ ಉಣ್ಣುವವನಂತೆ. ಈ ಊಟ ಹುಟ್ಟಿದ್ದೇ ಅವನ ಹಟದಿಂದಂತೆ. ಗಿರಾಕಿಗಳೆಲ್ಲ ಎದ್ದು ಹೋದ ಮೇಲೆ, ಅವನು ಇವತ್ತೂ ಬರಲಿಲ್ಲ ಎಂದು ಖಾತ್ರಿಯಾದ ಮೇಲೆ, ಕೊನೆಗೆ ಬಂದವರ ಮುಂದೆ ಅದನ್ನು ಇಡುತ್ತಿದ್ದಿರಿ. ಹಾಗಾಗಿ ನಾನು ಕೊನೆಗೆ ಬರತೊಡಗಿದೆ. ಹಸಿವು ಹೊಟ್ಟೆ ಹಿಂಡಿದರೂ ಸಂತೆಯಲ್ಲಿ ಬೇಕಿಲ್ಲದ ಬದನೆಕಾಯಿ ಚೌಕಾಸಿ ಮಾಡುತ್ತಾ ಹೊತ್ತು ಕಳೆದು, ಆಮೇಲೆ ಬರುತ್ತಿದ್ದೆ. ಅಷ್ಟು ಹೊತ್ತಿಗೆ ಶಾವಿಗೆ ಸಾರನ್ನೆಲ್ಲ ಕುಡಿದು ಉಬ್ಬಿರುತ್ತಿತ್ತು. ನೀವು ಮೇಲೆ ಒಂದು ಸೌಟು ಬಿಸಿ ಸಾರು ಸುರಿದು, ಬಾಗಿಲ ಹತ್ತಿರ ಕೂತು, "ಉಪ್ಪು ಸಾಕೇನ್ರಿ ಮಾಸ್ತರ?" ಎನ್ನುತ್ತಿದ್ದಿರಿ. ನಾನು "ಸಾಕ್ರಿ" ಎನ್ನುತ್ತಿದ್ದೆ. ನಮ್ಮಿಬ್ಬರ ಮಾತು ಹೆಚ್ಚೆಂದರೆ ಅಷ್ಟೇ.

ಆ ಎರಡು ಮಾತಿಗಾಗಿ ನಾನು ಸಂತೆಯಿಂದ ಸಂತೆಗೆ ಬದುಕಿದೆ. ನಿಮ್ಮ ಮೇಲೆ ನನಗೆ ಆಸೆಯಿತ್ತು, ನೀಲವ್ವ. ಬಾಯಲ್ಲಿ 'ನೀವು' ಎಂದವನು ಮನಸ್ಸಿನಲ್ಲಿ 'ನೀನು' ಎಂದದ್ದುಂಟು. ಇನ್ನೊಬ್ಬನ ಬಟ್ಟಲಲ್ಲಿ ಉಣ್ಣುತ್ತಾ ಆ ಇನ್ನೊಬ್ಬ ನಾನೇ ಎಂದುಕೊಂಡದ್ದೂ — ಇರಲಿ, ಅದು ನಿಮಗೆ ಅರ್ಥವಾದೀತು.

ಒಂದು ಬೇಸಿಗೆಯಲ್ಲಿ ತಾವರಗೇರಿಯ ಹನಮಪ್ಪ ನಾನು ಕಲಿಸುವ ಸಾಲಿಯ ಬಾಗಿಲಿಗೆ ಬಂದ. ಸೊಲ್ಲಾಪುರದ ಗಿರಣಿಯಲ್ಲಿ ನಿಮ್ಮ ಗಂಡನ ಜೊತೆ ಹಮಾಲಿ ಮಾಡುತ್ತಿದ್ದವನು.

"ಮಾಸ್ತರ, ಸಂಗಪ್ಪ ಹೋದ್ರಿ. ಜ್ವರ ಬಂದದ್ದ ಒಂದು ನೆವಾ. ನಾವ ಮಣ್ಣ ಮಾಡಿದ್ವಿ. ಆ ಹೆಣ್ಮಗಳ ಮುಂದ ನಿಂತು ಹೇಳಾಕ ನನಗ ಬಾಯಿ ಬರವಲ್ದು. ನೀವು ದಿನಾ ಅಲ್ಲೇ ಉಣ್ತೀರಿ, ಓದಿದವ್ರದೀರಿ. ನೀವ ಸಮಾಧಾನಲೆ ಹೇಳ್ರಿ."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವನು ಅವತ್ತೇ ಸೊಲ್ಲಾಪುರದ ದಾರಿ ಹಿಡಿದ. ನಾನು ನಿಮ್ಮ ಮನೆಗೆ ಬಂದೆ. ಹೇಳಲೆಂದೇ ಬಂದೆ — ಇದನ್ನಾದರೂ ನಂಬಿ.

ನಿಮ್ಮ ಅಂಗಳದಲ್ಲಿ ವರ್ಷದ ಶಾವಿಗೆ ನಡೆದಿತ್ತು. ಓಣಿಯ ಹೆಂಗಸರು ಓರೆ ಮಣೆಯ ಮೇಲೆ ಹಿಟ್ಟು ಹೊಸೆದು ಎಳೆ ಇಳಿಸುತ್ತಿದ್ದರು. ಬಿದಿರು ಕೋಲುಗಳ ಮೇಲೆ ಎಳೆಗಳು ತೂಗುತ್ತಿದ್ದವು. ಸಾವಾದ ಮನೆಯಲ್ಲಿ ಆ ವರ್ಷ ಶಾವಿಗೆ ಮಾಡುವಂತಿಲ್ಲ. ನನ್ನ ಬಾಯಿಂದ ಮಾತು ಬಿದ್ದ ಕೂಡಲೇ ಮಣೆ ಮಗುಚುತ್ತಾರೆ, ಹಿಟ್ಟು ದನಕ್ಕೆ ಹೋಗುತ್ತದೆ, ನಿಮ್ಮ ಬಳೆ ಒಡೆಯುತ್ತಾರೆ, ಅಣ್ಣ ಬಂದು ತವರಿಗೆ, ಅಳವಂಡಿಗೆ, ಕರೆದೊಯ್ಯುತ್ತಾನೆ. ಇದೆಲ್ಲ ಕಣ್ಣ ಮುಂದೆ ಬಂತು. ಮೊದಲು ನನಗೆ ಹೊಳೆದದ್ದು ನಿಮ್ಮ ದುಃಖವಲ್ಲ, ನೀಲವ್ವ — ಮಾಡಿನಲ್ಲಿ ಇನ್ನು ಬಟ್ಟಲು ಇರುವುದಿಲ್ಲ ಎಂಬುದು.

ಅಷ್ಟರಲ್ಲಿ ನೀವೇ ಕೇಳಿದಿರಿ. "ತಾವರಗೇರಿ ಹನಮಪ್ಪ ಬಂದಿದ್ದನಂತಲ್ರಿ. ನಮ್ಮವ್ರ ಖಬರ ಏನರ ಹೇಳಿದನೇನು?"

"ಅರಾಮ ಅದಾನಂತ."

ನಿಮ್ಮ ಮುಖ ಅರಳಿತು. ಹೆಂಗಸರ ಕಡೆ ತಿರುಗಿ, "ಇನ್ನೊಂದೀಟು ಹಿಟ್ಟು ನಾದ್ರೆವ್ವಾ, ಅವರು ಬರೋರದಾರ" ಎಂದಿರಿ.

ಮುಂದಿನ ಸಂತೆಗೆ ಹೇಳೋಣ ಎಂದುಕೊಂಡೆ. ಮುಂದಿನ ಸಂತೆಯ ಹೊತ್ತಿಗೆ ಶಾವಿಗೆ ಒಣಗಿ ಗಡಿಗೆಯೊಳಗೆ ಸೇರಿತ್ತು. ಈಗ ಹೇಳಿದರೆ ಗಂಡ ಸತ್ತದ್ದನ್ನಷ್ಟೇ ಅಲ್ಲ, ಸತ್ತವನ ಮನೆಯಲ್ಲಿ ನಕ್ಕು ನಕ್ಕು ಶಾವಿಗೆ ಹೊಸೆದದ್ದನ್ನೂ ಹೇಳಬೇಕು. ಅದನ್ನು ನೀವು ತಡೆದುಕೊಳ್ಳಲಾರಿರಿ ಎಂದು ನನಗೆ ನಾನೇ ಹೇಳಿಕೊಂಡೆ. ಆ ಶಾವಿಗೆಯನ್ನೇ ವರ್ಷವಿಡೀ ಉಂಡೆ.

ಆಮೇಲೆ ಕಾರಟಗಿಯ ಕಾಳಿನ ವ್ಯಾಪಾರಿ ಬರತೊಡಗಿದ. ಹೆಂಡತಿ ಸತ್ತವನು, ಮೆತ್ತಗಿನ ಮಾತಿನವನು. ಉಂಡ ಬಟ್ಟಲನ್ನು ತಾನೇ ತೊಳೆದಿಡುತ್ತಿದ್ದ. ನಮ್ಮ ಮಂದಿಯಲ್ಲಿ ಗಂಡ ಸತ್ತವಳಿಗೆ ಉಡಿಕೆಯ ದಾರಿಯುಂಟು. ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುತ್ತಾರೆ. ಅವನು ನಿಮ್ಮ ಅಣ್ಣನ ಹತ್ತಿರ ಮಾತೆತ್ತಿದ. ಗಂಡ ಇದ್ದಾನೋ ಇಲ್ಲವೋ ಎಂದು ಅಣ್ಣ ನಿಮ್ಮನ್ನು ಕೇಳಿದಾಗ ನೀವು ನನ್ನ ಕಡೆ ಕೈ ತೋರಿಸಿದಿರಿ. ನಾನು ಗೋಡೆಗೆ ಒರಗಿ ಕೂತು ಉಣ್ಣುತ್ತಿದ್ದೆ.

"ಮಾಸ್ತರ, ನೀವು ಖರೇನ ಕೇಳೀರೇನು? ಅದಾನಂತೇನು ಅವ?" ಎಂದ ನಿಮ್ಮ ಅಣ್ಣ.

"ಖರೇ" ಎಂದೆ.

ವ್ಯಾಪಾರಿ ಬಟ್ಟಲು ತೊಳೆದಿಟ್ಟು ಹೋದವನು ಮತ್ತೆ ಬರಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ಬೇರೆ ಮದುವೆಯಾದನಂತೆ. ಉಡಿಕೆಯ ಆ ದಾರಿ ನನಗೂ ತೆರೆದಿತ್ತು. ನಾನೂ ನಿಮ್ಮ ಮಂದಿಯವನೇ. ಸತ್ಯ ಹೇಳಿ, ವರ್ಷ ಕಳೆದು, ಕೇಳಬಹುದಿತ್ತು. ಆದರೆ ಕೇಳಿದರೆ ನೀವು ಒಲ್ಲೆ ಎನ್ನಬಹುದು. ಕೇಳದಿದ್ದರೆ ಬಟ್ಟಲಂತೂ ಉಂಟು. ಇಷ್ಟು ಸಣ್ಣವನು ನಾನು.

ರಜಾಕಾರರ ಗಲಾಟೆಯಲ್ಲಿ ಅರ್ಧ ಊರು ಗಡಿ ದಾಟಿ ಗದಗದ ಕಡೆ ಹೋದಾಗಲೂ ನೀವು ಹೋಗಲಿಲ್ಲ. "ಅವರು ಬಂದಾಗ ಬಾಗ್ಲಾ ಹಾಕಿರಬಾರದ್ರಿ" ಎಂದು ಒಬ್ಬರೇ ಉಳಿದಿರಿ. ಆ ದಿನಗಳಲ್ಲಿ ನಿಮಗೇನಾದರೂ ಆಗಿದ್ದರೆ — ಆ ಯೋಚನೆಯನ್ನು ನಾನು ಇವತ್ತಿಗೂ ಕೊನೆತನಕ ಮಾಡಿಲ್ಲ.

ನಿಜಾಮರ ಆಳಿಕೆ ಮುಗಿದ ಮೇಲೆ ಗಿರಣಿಯ ಹಳೆಯ ಸಂಗಾತಿಯೊಬ್ಬ ಊರಿಗೆ ಬಂದು, ನಿಮಗೆ ಎಲ್ಲ ಗೊತ್ತಿದೆಯೆಂದೇ ತಿಳಿದು ಮಾತಾಡಿದ. ಸುದ್ದಿಯನ್ನು ಹನಮಪ್ಪನ ಕೈಯಲ್ಲಿ ಆಗಲೇ ಕಳಿಸಿದ್ದೆವಲ್ಲ ಎಂದ.

ಆ ಸಂತೆಗೆ ನಾನು ಬಂದಾಗ ಖಾನಾವಳಿಯಲ್ಲಿ ಯಾರೂ ಇರಲಿಲ್ಲ. ನಿಮ್ಮ ಕೈಗಳು ಬಳೆಯಿಲ್ಲದೆ ಬರಿದಾಗಿದ್ದವು. ಒಳಗಿಂದ ಬಟ್ಟಲು ತಂದು ನನ್ನ ಮುಂದಿಟ್ಟಿರಿ. "ಗಡಿಗ್ಯಾಗ ಇದ್ದದ್ದು ಇಷ್ಟ. ಇನ್ನ ಮಾಡಂಗಿಲ್ಲ, ಅಣ್ಣ ಬಂದಾನ, ನಾ ಅಳವಂಡಿಗಿ ಹೊಂಟೀನಿ. ಉಣ್ರಿ."

ಈಗ ಕೇಳುತ್ತಾರೆ, ಈಗ ಉಗಿಯುತ್ತಾರೆ ಎಂದು ತಲೆ ತಗ್ಗಿಸಿದೆ. ನೀವೆಂದಿರಿ:

"ನಿಮಗೂ ಸುಳ್ಳ ಹೇಳಿ ಹೋದನಲ್ರಿ ಆ ಹನಮಪ್ಪ! ಅವನ ಬಾಯಿಗಿ ಹುಳಾ ಬೀಳ್ಲಿ. ನೀವು ಮನಸಿಗಿ ಹಚ್ಕೋಬ್ಯಾಡ್ರಿ ಮಾಸ್ತರ, ನಿಮ್ಮದೇನ ತಪ್ಪೈತಿ?"

ನಾನು ಉಂಡೆ. ಆ ದಿನ ನೀವು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಿರಿ. ಬಾಗಿಲ ಹತ್ತಿರ ಕೂತು, ರೂಢಿಯಂತೆ, "ಉಪ್ಪು ಸಾಕೇನ್ರಿ?" ಎಂದಿರಿ. ಸಾಕು ಎಂದೆ.

ಹನಮಪ್ಪ ಸೊಲ್ಲಾಪುರ ಬಿಟ್ಟು ಊರಿಗೆ ಮರಳಿದಾಗ ಅವನಿಗಿಂತ ಮೊದಲು ಅವನ ಹೆಸರು ಬಂದು ಕೂತಿತ್ತು — ಸಾವಿನ ಸುದ್ದಿ ಮುಚ್ಚಿಟ್ಟವನು ಎಂದು. ಯಾರೂ ಅವನನ್ನು ಪಂಕ್ತಿಗೆ ಕರೆಯುತ್ತಿರಲಿಲ್ಲ. ಒಮ್ಮೆ ಸಾಲಿಗೆ ಬಂದ. "ಮಾಸ್ತರ, ನಾ ಏನ ಹೇಳಿದ್ದೆ ನಿಮಗ?" ಎಂದಷ್ಟೇ ಕೇಳಿದ. ನಾನು ಹಲಗೆಯ ಕಡೆ ತಿರುಗಿ ಲೆಕ್ಕ ಬರೆಯತೊಡಗಿದೆ. ಹಮಾಲನ ಮಾತನ್ನು ಮಾಸ್ತರನ ಮಾತಿನ ಎದುರು ಯಾರು ನಂಬುತ್ತಾರೆಂದು ಅವನಿಗೂ ಗೊತ್ತಿತ್ತು. ಬಂದ ದಾರಿ ಹಿಡಿದು ಹೋದ.

ಆಮೇಲೆ ನನಗೂ ಮದುವೆಯಾಯಿತು, ಮಕ್ಕಳಾದರು. ನಮ್ಮ ಮನೆಯಲ್ಲೂ ಬೇಸಿಗೆಗೆ ಶಾವಿಗೆ ಮಾಡುತ್ತಾರೆ. ಕಟ್ಟಿನ ಸಾರಿನಲ್ಲಿ ಮಾಡಿಕೊಡು ಎಂದು ಹೆಂಡತಿಗೆ ಒಮ್ಮೆ ಹೇಳಿದೆ. ಪಾಪ, ಮಾಡಿದಳು. ಮೊದಲ ಎಳೆ ಬಾಯಿಗೆ ಬಂದದ್ದೇ ನಿಮ್ಮ ಬಾಗಿಲು, ನಿಮ್ಮ ನಗು, ಆ ಸಂಜೆಗಳೆಲ್ಲ ಬಂದವು. ಬಟ್ಟಲು ಕೆಳಗಿಟ್ಟೆ. ಖಾರ ಹೆಚ್ಚಾಯಿತೇ ಎಂದಳು. ಹೌದು ಎಂದೆ. ಈ ವಯಸ್ಸಿನಲ್ಲೂ ಸಂತೆಯ ದಿನ ನನಗೆ ಹೊತ್ತು ಹೋಗುವುದಿಲ್ಲ, ನೀಲವ್ವ.

ನಾಳೆ ತಾವರಗೇರಿಗೆ ಹೋಗುತ್ತೇನೆ. ಹನಮಪ್ಪ ಇದ್ದಾನಂತೆ, ಕಣ್ಣು ಮಂಜಾಗಿದೆಯಂತೆ. ಅವನು ಬಂದರೆ ಕೈ ಹಿಡಿದು ಅಳವಂಡಿಗೆ ಕರೆತರುತ್ತೇನೆ. ಬರದಿದ್ದರೆ ಒಬ್ಬನೇ ಬರುತ್ತೇನೆ. ನಿಮ್ಮ ಅಣ್ಣನ ಎದುರಿಗೆ, ಓಣಿಯ ಮಂದಿಯ ಎದುರಿಗೆ, ಹೊಸ್ತಿಲ ಹೊರಗೆ ನಿಂತು ಇದಿಷ್ಟನ್ನೂ ಹೇಳುತ್ತೇನೆ. ಯಾರೇ ಬಂದರೂ "ಉಣ್ಣ ಬರ್ರಿ" ಎನ್ನುವುದು ನಿಮ್ಮ ರೂಢಿ. ನನಗೆ ಅನ್ನಬೇಡಿ. ಹನಮಪ್ಪ ಬಂದಿದ್ದರೆ ಅವನನ್ನು ಒಳಗೆ ಕರೆದು, ಮೊದಲ ಬಟ್ಟಲು ಅವನ ಮುಂದಿಡಿ.