ವಸುಧಾಳ ನೋಟ್‌ಬುಕ್ಕಿನ ಪಿಶಾಚಿ

೨೦೦೧ನೇ ಇಸವಿ. ಸರ್ಕಾರಿ ಆಸ್ಪತ್ರೆಯ ಕೆಲಸ ಬಿಟ್ಟು ಬಸವನಗುಡಿಯಲ್ಲಿ ಸ್ವಂತ ಕ್ಲಿನಿಕ್ ತೆರೆದು ನನಗೆ ಏಳು ವರ್ಷವಾಗಿತ್ತು. ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿ ಮೊದಲ ಮಹಡಿ, ಎರಡು ಕೋಣೆ. ಬೋರ್ಡಿನ ಮೇಲೆ ನನ್ನ ಹೆಸರು, ಡಿಗ್ರಿ ಇದ್ದವೇ ಹೊರತು ‘ಮನೋವೈದ್ಯೆ’ ಎಂಬ ಪದ ಇರಲಿಲ್ಲ. ಆ ಪದ ಕಂಡರೆ ಜನ ಮೆಟ್ಟಿಲ ಬಳಿಯಿಂದಲೇ ವಾಪಸ್ ಹೋಗುತ್ತಿದ್ದ ಕಾಲ ಅದು.

ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ತ್ಯಾಗರಾಜನಗರದಿಂದ ಮೂವರು ಬಂದರು. ಹತ್ತೊಂಬತ್ತು ವರ್ಷದ ವಸುಧಾ, ಬಿ.ಎಸ್ಸಿ. ಮೂರನೇ ವರ್ಷ. ಅವಳ ತಾಯಿ ಸರೋಜಮ್ಮ, ಪ್ರಾಥಮಿಕ ಶಾಲೆಯ ಟೀಚರ್. ಜೊತೆಗೆ ಸೋದರಮಾವ ರಾಘವೇಂದ್ರರಾಯರು. ತಂದೆ ಎರಡು ವರ್ಷದ ಹಿಂದೆ ತೀರಿಕೊಂಡಿದ್ದರಿಂದ ಆ ಮನೆಯ ದೊಡ್ಡ ತೀರ್ಮಾನಗಳೆಲ್ಲ ಮಾವನವೇ. ಅವರು ಒಂದು ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ಚೀಲವನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು.

“ನೀವೇ ಓದಿ ಡಾಕ್ಟ್ರೇ. ನನಗೆ ಓದಕ್ಕೆ ಬಾಯಿ ಬರಲ್ಲ.”

ಮುದ್ದಾದ ಕೈಬರಹ. ‘ನಾನು ಸತ್ತು ಇವತ್ತಿಗೆ ಐದು ದಿನ. ಮನೆಗೆ ಇನ್ನೂ ಯಾರೂ ಹೇಳಿಲ್ಲ. ನನ್ನ ಮೊಣಕಾಲು ಮಡಚುತ್ತಿಲ್ಲ. ದಾರಿಯಲ್ಲಿ ಮಲಗಿದ್ದವರ ಉಸಿರು ಕುಡಿದೆ. ಹಸಿವು ಇಂಗಲಿಲ್ಲ.’ ಹೀಗೆ ಅರವತ್ತು ಪುಟ. ಮಗಳು ಎರಡು ತಿಂಗಳಿಂದ ಸರಿಯಾಗಿ ಊಟ ಮಾಡುತ್ತಿಲ್ಲವೆಂದು ತಾಯಿ ಹೇಳಿದರು. ಹಿಂದಿನ ವಾರ ಕೋಣೆಯ ಬಾಗಿಲು ತೆಗೆದು ನೋಡಿದರೆ, ಹಣೆಗೆ ಹಳದಿ ಕಾಗದದ ಪಟ್ಟಿ ಅಂಟಿಸಿಕೊಂಡು, ಎರಡೂ ಕೈ ಮುಂದೆ ಚಾಚಿ, ಕನ್ನಡಿ ಎದುರು ಕುಪ್ಪಳಿಸುತ್ತಿದ್ದಳಂತೆ.

ದೆವ್ವ ಬಿಡಿಸುವ ಒಂದು ಕ್ಷೇತ್ರಕ್ಕೆ ಕರೆದುಕೊಂಡು ಹೋಗಬೇಕೆಂದು ಮಾವ ಆಗಲೇ ನಿಶ್ಚಯಿಸಿದ್ದರು. ತಂಗಿಯ ಒತ್ತಾಯಕ್ಕೆ ಮಣಿದು ಒಂದು ವಾರ ನನಗೆ ಬಿಟ್ಟುಕೊಟ್ಟಿದ್ದರು.

ನಾನು ವಸುಧಾಳನ್ನು ಕೇಳಿದೆ: “ನೀನು ಸತ್ತಿದ್ದೀಯ ಅಂತ ನಿನಗೆ ಅನ್ನಿಸತ್ತಾ?”

ಅವಳು ನನ್ನ ಕಡೆ ನೋಡಲಿಲ್ಲ. ತಾಯಿಯ ಕಡೆ ತಿರುಗಿ, “ಅದನ್ನ ಓದಿ ಅಂತ ನಿಮಗೆ ಯಾರು ಹೇಳಿದ್ರು?” ಎಂದಳು. ಆಮೇಲೆ ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ.

ಇಲ್ಲಿ ನನ್ನ ತಪ್ಪನ್ನು ಹೇಳಲೇಬೇಕು. ಮನೋವೈದ್ಯಶಾಸ್ತ್ರದಲ್ಲಿ ನಿಹಿಲಿಸ್ಟಿಕ್ ಡೆಲ್ಯೂಷನ್ ಎಂಬ ಸ್ಥಿತಿಯಿದೆ. ತಾನು ಸತ್ತುಹೋಗಿದ್ದೇನೆ, ತನ್ನ ದೇಹ ಕೊಳೆಯುತ್ತಿದೆ ಎಂದು ರೋಗಿ ದೃಢವಾಗಿ ನಂಬಿರುತ್ತಾನೆ. ಬಹಳ ಅಪರೂಪ. ಓದುವಾಗ ಪಠ್ಯಪುಸ್ತಕದಲ್ಲಿ ಕಂಡಿದ್ದನ್ನು ಅಷ್ಟು ವರ್ಷಗಳ ಪ್ರಾಕ್ಟೀಸಿನಲ್ಲಿ ನಾನು ಒಮ್ಮೆಯೂ ಎದುರಿಗೆ ಕಂಡಿರಲಿಲ್ಲ. ಆ ನೋಟ್‌ಬುಕ್ ಓದುತ್ತಿದ್ದಾಗ ನನ್ನೊಳಗೆ ಎದ್ದದ್ದು ಕನಿಕರವಲ್ಲ, ಉತ್ಸಾಹ. ಭ್ರಮೆ ತಗ್ಗಿಸುವ ಹ್ಯಾಲೊಪೆರಿಡಾಲ್ ಮಾತ್ರೆ ಬರೆದುಕೊಟ್ಟು, ವಾರ ಬಿಟ್ಟು ಬರಲು ಹೇಳಿದೆ. ಹುಡುಗಿ ಹೇಳಿದ ಒಂದೇ ಒಂದು ವಾಕ್ಯ ತನ್ನ ಡೈರಿ ಕದ್ದು ಓದಿದವರ ಮೇಲೆ ಯಾರಿಗಾದರೂ ಬರುವ ಸಿಟ್ಟು ಎಂಬುದು ನನಗೆ ಹೊಳೆಯಲಿಲ್ಲ.

ವಾರ ಕಳೆಯಲಿಲ್ಲ. ನಾಲ್ಕನೇ ದಿನ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಸರೋಜಮ್ಮನವರ ಫೋನ್. ಮಾತಿಗಿಂತ ಅಳುವೇ ಜಾಸ್ತಿ. ವಸುಧಾಳ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡಿದೆ, ದವಡೆ ಬಿಗಿದಿದೆ, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಅಲ್ಲೇ ನಿಂತಿದೆ. ಅಣ್ಣ ಕಾರು ತರಿಸಿದ್ದಾನೆ, ಕ್ಷೇತ್ರಕ್ಕೆ ಹೊರಟಿದ್ದಾನೆ.

“ಅದು ದೆವ್ವ ಅಲ್ಲಮ್ಮ, ನನ್ನ ಮಾತ್ರೆ,” ಎಂದೆ. “ಅದೇ ಕಾರಲ್ಲಿ ಇಲ್ಲಿಗೆ ಕರ್ಕೊಂಡು ಬನ್ನಿ. ಹತ್ತು ನಿಮಿಷದ ದಾರಿ. ಅಣ್ಣನಿಗೆ ಫೋನ್ ಕೊಡಿ.”

ಅದಕ್ಕೆ ಅಕ್ಯೂಟ್ ಡಿಸ್ಟೋನಿಯಾ ಎನ್ನುತ್ತಾರೆ. ಹ್ಯಾಲೊಪೆರಿಡಾಲ್‌ನಂಥ ಔಷಧಿಗಳಿಂದ ಕೆಲವರಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ಮೊದಲ ದಿನಗಳಲ್ಲೇ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಹೀಗಾಗಬಹುದೆಂದು ಮನೆಯವರಿಗೆ ಮೊದಲೇ ತಿಳಿಸುವುದು ವೈದ್ಯರ ಕರ್ತವ್ಯ. ನಾನು ತಿಳಿಸಿರಲಿಲ್ಲ. ಆ ಅಡ್ಡಪರಿಣಾಮ ತಡೆಯುವ ಮಾತ್ರೆಯನ್ನೂ ಜೊತೆಗೆ ಕೊಟ್ಟಿರಲಿಲ್ಲ.

ರಾಯರು ಫೋನಿನಲ್ಲಿ ಹೇಳಿದ್ದಿಷ್ಟು: “ನಿಮ್ಮ ಮಾತ್ರೆ ಹೊಟ್ಟೆಗೆ ಹೋದ್ರೆ ಕುತ್ತಿಗೆ ಯಾಕೆ ತಿರುಗತ್ತೆ?”

“ಅರ್ಧ ಗಂಟೆ ಕೊಡಿ. ಸರಿಹೋಗ್ಲಿಲ್ಲ ಅಂದ್ರೆ ನಿಮ್ಮಿಷ್ಟದ ಕಡೆ ಕರ್ಕೊಂಡು ಹೋಗಿ, ನಾನು ತಡೆಯಲ್ಲ.”

ಕರೆತಂದರು. ಆ ಹುಡುಗಿಯ ಕಣ್ಣಲ್ಲಿದ್ದ ಭಯ ಇವತ್ತಿಗೂ ನನಗೆ ನೆನಪಿದೆ. ಪ್ರಜ್ಞೆ ಪೂರ್ತಿ ಇತ್ತು, ಕುತ್ತಿಗೆ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಸೆಟೆತ ಬಿಡಿಸುವ ಪ್ರೋಮೆಥಜೈನ್ ಇಂಜೆಕ್ಷನ್ ಕೊಟ್ಟು ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತೆ. ರಾಯರು ಗಡಿಯಾರ ನೋಡುತ್ತ ನಿಂತರು. ಇಪ್ಪತ್ತೈದು ನಿಮಿಷಕ್ಕೆ ದವಡೆ ಸಡಿಲವಾಯಿತು, ಕಣ್ಣು ಕೆಳಗಿಳಿಯಿತು, ಕುತ್ತಿಗೆ ನಿಧಾನವಾಗಿ ನೆಟ್ಟಗಾಯಿತು. ವಸುಧಾ ಮೊದಲು ಕೇಳಿದ್ದು ನೀರು.

ಅಷ್ಟರಲ್ಲಿ ಹೊರಗಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಬಂದು ಕೂತಿದ್ದಳು. ಗಿರಿಜಾ, ವಸುಧಾಳ ಸಹಪಾಠಿ. ಚಾಮರಾಜಪೇಟೆಯವಳು, ಅವರ ಮನೆಯವರದು ಪೇಟೆಯಲ್ಲಿ ಬಟ್ಟೆ ವ್ಯಾಪಾರ. ನಾಲ್ಕು ದಿನದಿಂದ ಗೆಳತಿ ಕಾಲೇಜಿಗೆ ಬಾರದ್ದಕ್ಕೆ ಮನೆಗೆ ಹೋಗಿ, ಪಕ್ಕದ ಮನೆಯವರಿಂದ ನೋಟ್‌ಬುಕ್ಕಿನ, ಕ್ಲಿನಿಕ್ಕಿನ ವಿಷಯ ತಿಳಿದು ಆಟೋ ಹಿಡಿದಿದ್ದಳು. ಕೈಯಲ್ಲಿ ಅವೆನ್ಯೂ ರಸ್ತೆಯಲ್ಲಿ ಜೆರಾಕ್ಸ್ ಮಾಡಿಸಿ ಸ್ಪೈರಲ್ ಬೈಂಡ್ ಹಾಕಿಸಿದ ದಪ್ಪ ಪುಸ್ತಕ.

“ಮೇಡಂ, ಸತ್ತಿರೋದು ಅವಳಲ್ಲ. ಅವಳ ಕ್ಯಾರೆಕ್ಟರ್,” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ತಾಳ್ಮೆಯಿಂದ ವಿವರಿಸಿದಳು. ರೋಲ್‌ಪ್ಲೇಯಿಂಗ್ ಗೇಮ್ ಎಂದು ಒಂದು ಆಟ. ಬೋರ್ಡ್ ಇಲ್ಲ, ಕಾಯಿಗಳಿಲ್ಲ. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಆ ಗುಂಪಿನಲ್ಲಿ ಅದು ಗಿರಿಜಾ. ಏನಾಗುತ್ತದೆಂದು ದಾಳ ತೀರ್ಮಾನಿಸುತ್ತದೆ. ಮೂಲ ಆಟಕ್ಕೆ ಸಪ್ಲಿಮೆಂಟ್, ಅಂದರೆ ಪೂರಕ ಪುಸ್ತಕಗಳು ಬರುತ್ತವೆ. ಇದು ಚೀನಾ, ಜಪಾನ್ ಕಡೆಯ ಜನಪದ ಕಥೆಗಳಿಂದ ತೆಗೆದ ವ್ಯಾಂಪೈರ್‌ಗಳ, ಅಂದರೆ ರಕ್ತಪಿಶಾಚಿಗಳ ಬಗ್ಗೆ. ನಾಲ್ಕು ಹುಡುಗಿಯರು ಭಾನುವಾರ ಮಧ್ಯಾಹ್ನ ಗಿರಿಜಾಳ ಮನೆಯ ಮಹಡಿಯಲ್ಲಿ ಆಡುತ್ತಿದ್ದರು. ಪಾತ್ರದ ದಿನಚರಿ ಬರೆದುಕೊಂಡು ಬಂದವರಿಗೆ ಹೆಚ್ಚು ಪಾಯಿಂಟ್.

ವಸುಧಾ ಗುರುತು ಹಾಕಿದ್ದ ಪುಟವನ್ನು ತೆರೆದು ತೋರಿಸಿದಳು. ಚೀನಾದ ಕೆಲವು ಕಡೆ ಒಂದು ನಂಬಿಕೆ ಇತ್ತಂತೆ. ದೂರದ ಊರಲ್ಲಿ ಸತ್ತವರ ಹಣೆಗೆ ಮಂತ್ರ ಬರೆದ ಹಳದಿ ಕಾಗದ ಅಂಟಿಸಿ, ಮಂತ್ರವಾದಿ ಗಂಟೆ ಬಾರಿಸುತ್ತ ಅವರನ್ನು ಸ್ವಂತ ಊರಿಗೆ ನಡೆಸಿಕೊಂಡು ಹೋಗುತ್ತಾನೆ. ದೇಹ ಸೆಟೆದಿರುವುದರಿಂದ ಅವರು ಕುಪ್ಪಳಿಸುತ್ತಲೇ ಸಾಗಬೇಕು. ಮನೆ ಸೇರದೆ ನಡುದಾರಿಯಲ್ಲೇ ಉಳಿದುಬಿಟ್ಟವರು ಪಿಶಾಚಿಗಳಾಗಿ ಬದುಕಿರುವವರ ಉಸಿರು ಹೀರುತ್ತಾರೆ.

“ಅವಳ ಕ್ಯಾರೆಕ್ಟರ್ ಏನು?” ಎಂದೆ.

“ಆಫೀಸ್ ಟೂರ್‌ಗೆ ಹೋದ ಊರಲ್ಲಿ ಸತ್ತಿರೋ ಒಬ್ಬ ಗುಮಾಸ್ತ. ಮನೆಗೆ ನಡ್ಕೊಂಡು ಬರ್ತಿದಾನೆ. ಒಂಬತ್ತು ದಿನದಲ್ಲಿ ಮುಟ್ಟಬೇಕು.”

ತಾಯಿಯನ್ನೂ ಮಾವನನ್ನೂ ಹೊರಗೆ ಕೂರಿಸಿ ವಸುಧಾಳ ಬಳಿಗೆ ಹೋದೆ. ಮೊದಲು ಕ್ಷಮೆ ಕೇಳಿದೆ. ರೋಗಿಯ ಕ್ಷಮೆ ಕೇಳುವುದನ್ನು ನಮಗೆ ಯಾವ ಪ್ರೊಫೆಸರೂ ಕಲಿಸಿರಲಿಲ್ಲ. ಆಮೇಲೆ, “ಒಂಬತ್ತು ದಿನ ಯಾಕೆ?” ಎಂದೆ.

ನೀರಿನ ಲೋಟ ಕೆಳಗಿಟ್ಟು ಹೇಳಿದಳು. ಅವಳ ಅಪ್ಪ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕೆಲಸದ ಮೇಲೆ ನಾಗಪುರಕ್ಕೆ ಹೋದವರಿಗೆ ಅಲ್ಲೇ ಹೃದಯಾಘಾತವಾಯಿತು. ಆಗ ಅವಳಿಗೆ ಸೆಕೆಂಡ್ ಪಿ.ಯು. ಪರೀಕ್ಷೆ ನಡೆಯುತ್ತಿತ್ತು. ಮಾವ ಒಬ್ಬರೇ ಹೋಗಿ ಅಲ್ಲೇ ಸಂಸ್ಕಾರ ಮುಗಿಸಿ ಬಂದರು. ಕೊನೆಯ ಪೇಪರ್ ಮುಗಿಯುವವರೆಗೆ, ಒಂಬತ್ತು ದಿನ, ಅವಳಿಗೆ ಯಾರೂ ಹೇಳಲಿಲ್ಲ.

“ಆ ಒಂಬತ್ತು ದಿನ ನಾನು ನಗ್ತಿದ್ದೆ ಮೇಡಂ. ಪೇಪರ್ ಈಸಿ ಇತ್ತು ಅಂತ ಅಪ್ಪಂಗೆ ಹೇಳಬೇಕು ಅಂತ ಕಾಯ್ತಿದ್ದೆ.”

“ಆಟ ಅಂತ ಅವತ್ತೇ ಹೇಳಬಹುದಿತ್ತಲ್ಲ?”

“ಆಟ ಅಂದಿದ್ರೆ ನಿಲ್ಲಿಸಿಬಿಡ್ತಿದ್ರಿ. ಮನೇಲಿ ಅಪ್ಪನ ವಿಷಯ ಯಾರೂ ಎತ್ತಲ್ಲ. ಅಲ್ಲಿ ಬಿಟ್ರೆ ನಂಗೆ ಬೇರೆ ಜಾಗ ಇರ್ಲಿಲ್ಲ.”

ಅವಳ ಒಪ್ಪಿಗೆ ಪಡೆದು ಇಬ್ಬರನ್ನೂ ಒಳಗೆ ಕರೆದೆ. ವಸುಧಾ ತಾಯಿಗೆ ನೇರವಾಗಿ ಕೇಳಿದಳು: “ನಿಮಗೆ ಗೊತ್ತಿತ್ತು. ಹೇಗಮ್ಮ ಸುಮ್ನಿದ್ರಿ?”

ಉತ್ತರ ಬಂದದ್ದು ರಾಯರಿಂದ. “ನಾನು ಹೇಳ್ಬೇಡ ಅಂದೆ ಪುಟ್ಟಿ. ಒಂದು ವರ್ಷ ಹಾಳಾಗತ್ತಲ್ಲ ಅಂತ. ನಾನು ಚಾಮರಾಜಪೇಟೆ ಛತ್ರದಲ್ಲಿ ದಿನಾ ಕರ್ಮ ಮಾಡ್ತಿದ್ದೆ. ನಿಮ್ಮಮ್ಮ ಇಲ್ಲಿ ದಿನಾ ಕುಂಕುಮ ಇಟ್ಕೊಂಡು, ಹೂವು ಮುಡ್ಕೊಂಡು ನಿನಗೆ ಬಾಕ್ಸ್ ಕಟ್ತಿದ್ಲು. ನಿನಗೆ ಗೊತ್ತಾಗಬಾರದು ಅಂತ. ನೀನು ಗೇಟ್ ದಾಟಿದ ಮೇಲೆ ತೆಗೀತಿದ್ಲು. ನೀನು ಬರೋ ಹೊತ್ತಿಗೆ ಮತ್ತೆ ಇಟ್ಕೋತಿದ್ಲು.”

ವಸುಧಾಳಿಗೆ ಇದು ಗೊತ್ತಿರಲಿಲ್ಲ. ಅವಳು ಎದ್ದು ಹೋಗಿ ತಾಯಿಯ ಪಕ್ಕದಲ್ಲಿ ಕೂತಳು. ಮೂವರೂ ಅತ್ತರು. ಎರಡು ವರ್ಷ ತಡವಾಗಿ ಆ ಮನೆಯ ಸಾವಿಗೆ ಎಲ್ಲರೂ ಒಟ್ಟಿಗೆ ಅತ್ತದ್ದು ಅಂದೇ ಇರಬೇಕು. ನಾನು ಬಾಗಿಲು ಮುಂದೆ ಮಾಡಿ ಹೊರಗೆ ಬಂದು, ಉಳಿದ ಪೇಷೆಂಟುಗಳಿಗೆ ಮಧ್ಯಾಹ್ನ ಬರಲು ಹೇಳಿದೆ.

ಮಾತ್ರೆ ನಿಲ್ಲಿಸಿದೆ. ಮನೋರೋಗವೆಂದು ಬರೆದಿದ್ದನ್ನು ಕೇಸ್ ಶೀಟಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ‘ಶೋಕ’ ಎಂದು ಬರೆದು ಸಹಿ ಹಾಕಿದೆ. ವಸುಧಾ ಐದು ತಿಂಗಳು ಕೌನ್ಸೆಲಿಂಗಿಗೆ ಬಂದಳು. ಊಟ ಮೊದಲಿನಂತಾಗಲು ಅಷ್ಟೂ ಸಮಯ ಹಿಡಿಯಿತು. ರಾಯರು ಮಾತ್ರ ಆ ಕ್ಷೇತ್ರದಿಂದ ಒಂದು ದಾರ ತರಿಸಿ ಅವಳ ಕೈಗೆ ಕಟ್ಟಿದರು. ಅವಳು ಕಟ್ಟಿಸಿಕೊಂಡಳು.

ಸೆಪ್ಟೆಂಬರಿನ ಒಂದು ಭಾನುವಾರ ಅವರ ಆಟ ಕೊನೆಯ ಘಟ್ಟಕ್ಕೆ ಬಂತಂತೆ. ವಸುಧಾ ತಾಯಿಯನ್ನೂ ಕರೆದುಕೊಂಡು ಹೋಗಿದ್ದಳು. ಮುಂದಿನದು ಅವಳೇ ಹೇಳಿ ನಾನು ಕೇಳಿದ್ದು. ಗುಮಾಸ್ತ ಮನೆಯ ಗೇಟಿನ ತನಕ ಬಂದಿದ್ದ. ಗಿರಿಜಾ ದಾಳ ಕೈಗೆತ್ತಿಕೊಂಡು, “ಬಾಗಿಲು ತೆಗೆಯೋರು ಯಾರು?” ಎಂದು ಕೇಳಿದಳು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಸರೋಜಮ್ಮ, “ದಾಳ ಬೇಡಮ್ಮ, ನಾನೇ ತೆಗೀತೀನಿ,” ಎಂದರಂತೆ. ಎದುರಿಗಿದ್ದ ಮಗಳನ್ನು ನೋಡಿ, “ಬಂದ್ರಾ? ನಿಮ್ಮ ಮಗಳು ಪಾಸಾದ್ಲು,” ಎಂದರಂತೆ.

ಅದಾದ ಮೇಲೆ ಹದಿನೆಂಟು ವರ್ಷ ಪ್ರಾಕ್ಟೀಸ್ ಮಾಡಿ ನಿವೃತ್ತಳಾದೆ. ವಿಚಿತ್ರವಾದ ಮಾತಾಡುವವರು, ವಿಚಿತ್ರವಾದದ್ದನ್ನು ಬರೆಯುವವರು ಎಷ್ಟೋ ಜನ ಬಂದರು. ಅವರಲ್ಲಿ ಹಲವರಿಗೆ ನಿಜವಾಗಿಯೂ ಕಾಯಿಲೆ ಇತ್ತು, ಮಾತ್ರೆಯೇ ಅವರನ್ನು ಉಳಿಸಿತು. ಆದರೆ ಪ್ರಿಸ್ಕ್ರಿಪ್ಷನ್ ಪ್ಯಾಡ್ ಎಳೆದುಕೊಳ್ಳುವ ಮುಂಚೆ, ಮನೆಯವರನ್ನು ಹೊರಗೆ ಕಳಿಸಿ, ಪ್ರತಿಯೊಬ್ಬರನ್ನೂ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡೆ: “ಇದನ್ನ ನೀವು ಯಾರಿಗೆ ಹೇಳಬೇಕು ಅಂತ ಇದ್ರಿ?” ಉತ್ತರ ಬರುವವರೆಗೆ ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ.